ಮೈಸೂರಿನಲ್ಲಿ ‘ಮೈಸೂರು’ ಇಲ್ಲ

16 ನವೆಂಬರ್ 2025, ಭಾನುವಾರ

ತಂಗಿಯ ಮದುವೆಗೆ ಚಿಕ್ಕಪ್ಪ ಟೈಪ್ ಮಾಡಿ ಕಳಿಸಿದ ನೆಂಟರ ಪಟ್ಟಿ 214 ಸಾಲು. “ಮೈಸೂರಿಗೆ ಎಷ್ಟು ಲಗ್ನಪತ್ರಿಕೆ ಬೇಕು, ಎಣಿಸಿ ಹೇಳೋ” ಅಂದಳು ಅಮ್ಮ. ಬೆರಳಲ್ಲಿ ಎಣಿಸಿದ್ದರೆ ಹತ್ತು ನಿಮಿಷದ ಕೆಲಸ. ನಾನು ಪೈಥಾನ್ ತೆರೆದೆ, ಪ್ರೋಗ್ರಾಂ ಬರೆಯುವ ಭಾಷೆ.

ಹಳೇ ಚಾಳಿ, ಇಫ್ (‘ಹೀಗಿದ್ದರೆ’ ಅನ್ನುವ ಷರತ್ತು) ಹಾಕಿ ಮುಂದೆ ಸಾಲು.ಫೈಂಡ್("ಮೈಸೂರು") ಅಂತ ಬರೆದೆ. 208 ಬಂತು! ಫೈಂಡ್ ಹೇಳುವುದು ಇದೆಯೋ ಇಲ್ಲವೋ ಅಂತಲ್ಲ, ಎಲ್ಲಿದೆ ಅಂತ. ಸಾಲಿನ ಮೊದಲಲ್ಲೇ ಸಿಕ್ಕರೆ 0, ಸಿಗದಿದ್ದರೆ -1. ಇಫ್‌ಗೆ 0 ಮಾತ್ರ ಸುಳ್ಳು, -1 ಸೇರಿ ಉಳಿದ ಅಂಕಿಯೆಲ್ಲ ನಿಜ. ಹಾಗಾಗಿ ‘ಮೈಸೂರು’ ಅಂತಲೇ ಶುರುವಾಗುವ 6 ಸಾಲು ಹೊರಗೆ, ಹುಬ್ಬಳ್ಳಿ, ಶಿರಸಿಯವರೆಲ್ಲ ಒಳಗೆ. (ಫೈಂಡ್ ಬದಲು ಅದರ ಜೋಡಿ ಇಂಡೆಕ್ಸ್ ಬಳಸಿದ್ದರೆ ಮೊದಲ ಹುಬ್ಬಳ್ಳಿಯವರ ಹತ್ತಿರವೇ ವ್ಯಾಲ್ಯೂಎರರ್ ಎಂಬ ದೋಷ ಕೊಟ್ಟು ನಿಲ್ಲುತ್ತಿತ್ತು. ಅದೇ ವಾಸಿಯಿತ್ತು.)

ಸರಿ, "ಮೈಸೂರು" ಇನ್ ಸಾಲು ಅಂತ ತಿದ್ದಿದೆ. ಇದು ಟ್ರೂ (ಇದೆ), ಫಾಲ್ಸ್ (ಇಲ್ಲ) ಬಿಟ್ಟು ಬೇರೆ ಮಾತಾಡುವುದಿಲ್ಲ. ಬಂದದ್ದು 9.

ಇಷ್ಟು ಕಡಿಮೆಯಾ? ಚಿಕ್ಕಪ್ಪನ ಪಟ್ಟಿ ನೋಡಿದರೆ ವಿಳಾಸಗಳಲ್ಲ, ಕಥೆಗಳು: “ಈಗ ಮೈಸೂರಿನಲ್ಲಿ ಮಗನ ಜೊತೆ”, “ಮೈಸೂರಿಗೆ ಹೋದವರು”. ವಿಭಕ್ತಿ ಹತ್ತಿದ ಕೂಡಲೇ ‘ರು’ ಹೋಗಿ ‘ರಿ’ ಬರುತ್ತದೆ, ಇನ್ ಕೈಚೆಲ್ಲುತ್ತದೆ. ಆದರೆ ನಮಗೆ ಮೂರು ಅಕ್ಷರವಾಗಿ ಕಾಣುವ ಮೈಸೂರು ಪೈಥಾನ್‌ಗೆ ಆರು: ಮ, ಐತ್ವ, ಸ, ಕೊಂಬಿನಿಳಿ, ರ, ಕೊಂಬು. ಕೊನೆಯ ಕೊಂಬು ಮುರಿದು "ಮೈಸೂರ" ಎಂದು ಹುಡುಕಿದೆ. 31!

ಆದರೂ ಕಣ್ಣೆದುರಿಗೇ ‘ಮೈಸೂರು’ ಅಂತಿದ್ದ ಎರಡು ಸಾಲು ತಪ್ಪಿಸಿಕೊಂಡಿದ್ದವು. ಆ ಪದಕ್ಕೆ ಉದ್ದ ಎಣಿಸುವ ಲೆನ್ ಹಾಕಿದರೆ 6 ಅಲ್ಲ, 7. ಯಾವುದೋ ಹಳೇ ಕಡತದಿಂದ ಅಂಟಿಸಿದ್ದಿರಬೇಕು, ಅಲ್ಲಿ ಐತ್ವ ಒಂದೇ ಸಂಕೇತವಲ್ಲ, ಏತ್ವದ ಸಂಕೇತ ಬೇರೆ, ಕೆಳಗಿನ ಸುಳಿಯದ್ದು ಬೇರೆ. ಪರದೆಯ ಮೇಲೆ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಪೈಥಾನ್‌ನ ಯೂನಿಕೋಡ್‌ಡೇಟಾದಲ್ಲಿರುವ ನಾರ್ಮಲೈಸ್‌ಗೆ ಎನ್‌ಎಫ್‌ಸಿ (ಬಿಡಿ ಸಂಕೇತಗಳನ್ನು ಕೂಡಿಸುವ ರೂಪ) ಕೊಟ್ಟು, ಪಟ್ಟಿ, ಹುಡುಕುವ ಪದ ಎರಡೂ ಕಡೆ ಒಂದೇ ರೂಪಕ್ಕೆ ತಂದ ಮೇಲೆ 33. ಅದರಲ್ಲಿ ಬೆಂಗಳೂರಿನ ಮೈಸೂರು ರಸ್ತೆಯವರು ನಾಲ್ಕು ಮನೆ. ಕಳೆದರೆ 29.

ಹೆಮ್ಮೆಯಿಂದ ಪಟ್ಟಿ ತೋರಿಸಿದೆ. ಅಮ್ಮ ಒಂದು ಸುತ್ತು ಕಣ್ಣಾಡಿಸಿ, “ದೊಡ್ಡಮ್ಮ ಎಲ್ಲೋ?” ಅಂದಳು.

ಅವರ ಸಾಲಿನಲ್ಲಿ ಚಿಕ್ಕಪ್ಪ ಬರೆದಿದ್ದದ್ದು “ಅಕ್ಕ, ಸರಸ್ವತಿಪುರಂ” ಅಂತ ಮಾತ್ರ. ಮೈಸೂರಿನದೇ ಬಡಾವಣೆ.

35 ಪತ್ರಿಕೆಗೆ ಹೇಳಿದ್ದೇವೆ.