ಸೋಲ್ತೀನಿ ಅಂತ ಗೊತ್ತಿದ್ದೂ ನಿಂತ ಅಜ್ಜ

ಇಂಡೋನೇಷ್ಯಾ ಪಕ್ಕದ ಪುಟ್ಟ ದೇಶ ಪೂರ್ವ ತಿಮೋರ್‌ನಲ್ಲಿ ಮೊದಲ ಅಧ್ಯಕ್ಷ ಚುನಾವಣೆ ನಡೆದಾಗಿನ ಮಾತು. 2002ರ ಏಪ್ರಿಲ್ 14, ಭಾನುವಾರ ಮತದಾನ. ಮೂರು ದಿನಕ್ಕೆ ಫಲಿತಾಂಶವೂ ಬಂತು. ಶನಾನಾ ಗುಸ್ಮಾವೊ ಅವರಿಗೆ ನೂರಕ್ಕೆ 82ಕ್ಕಿಂತ ಜಾಸ್ತಿ ಮತ. ರಾಜಧಾನಿ ದಿಲಿಯಲ್ಲಿ ಯಾರಿಗೂ ಆಶ್ಚರ್ಯ ಆಗಲಿಲ್ಲ. ಕಾಡಿನಲ್ಲಿದ್ದು ಇಂಡೋನೇಷ್ಯಾ ಸೇನೆಯ ವಿರುದ್ಧ ಹೋರಾಡಿದವರು, 1992ರಲ್ಲಿ ಸೆರೆಸಿಕ್ಕಿ ಜಕಾರ್ತದ ಜೈಲು ಸೇರಿದವರು. ಅವರ ಎದುರು ಯಾರು ಗೆಲ್ಲುತ್ತಾರೆ? ತಮಾಷೆ ಅಂದರೆ, ಅವರಿಗೇ ಈ ಕುರ್ಚಿ ಬೇಕಿರಲಿಲ್ಲ. ಕುಂಬಳಕಾಯಿ ಬೆಳೀತೀನಿ, ಫೋಟೋ ತೆಗೀತೀನಿ ಅನ್ನುತ್ತಿದ್ದರು.

ನನಗೆ ಇಷ್ಟವಾದವರು ಸೋತವರು. ಫ್ರಾನ್ಸಿಸ್ಕೊ ಶಾವಿಯರ್ ದೊ ಅಮರಾಲ್. 1975ರ ನವೆಂಬರ್ 28ರಂದು ಪೋರ್ಚುಗಲ್‌ನಿಂದ ಸ್ವಾತಂತ್ರ್ಯ ಘೋಷಿಸಿಕೊಂಡಾಗ ಇವರೇ ಅಧ್ಯಕ್ಷ. ಒಂಬತ್ತೇ ದಿನಕ್ಕೆ ಇಂಡೋನೇಷ್ಯಾ ನುಗ್ಗಿತು. ಆಮೇಲೆ ಸ್ವಂತ ಪಕ್ಷ ಫ್ರೆಟಿಲಿನ್‌ನವರೇ ಇವರನ್ನು ಹೊರಹಾಕಿ ಕೂಡಿಟ್ಟರು. ಅಷ್ಟು ವಯಸ್ಸಾದ ಮೇಲೆ ಮತ್ತೆ ನಿಂತಿದ್ದರು. ಗೆಲ್ಲೋಕಲ್ಲ, ಜನಕ್ಕೆ ಆರಿಸೋಕೆ ಇಬ್ಬರಾದರೂ ಇರಲಿ ಅಂತ.

ನಮ್ಮ ಕಡೆ ಪಂಚಾಯ್ತಿಗೆ ಅವಿರೋಧ ಆಯ್ಕೆ ಆದರೆ ಊರಿಗೇ ಹೆಮ್ಮೆ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದವನು. ಸ್ಪರ್ಧೆಯೇ ಇಲ್ಲದಿದ್ದರೆ ಅದೆಂಥ ಚುನಾವಣೆ ಅನ್ನೋದು ಈ ಅಜ್ಜನ ಲೆಕ್ಕ ಆಗಿತ್ತು.

ಜಗಳ ಇರಲೇ ಇಲ್ಲ ಅಂತಲ್ಲ. ಶನಾನಾಗೂ ಫ್ರೆಟಿಲಿನ್‌ಗೂ ಆಗ ಆಗಿಬರುತ್ತಿರಲಿಲ್ಲ. ಆ ಪಕ್ಷದ ಮಾರಿ ಅಲ್ಕತೀರಿ, ಯಾರಿಗೂ ಹಾಕದೆ ಖಾಲಿ ಚೀಟಿ ಹಾಕ್ತೀನಿ ಅಂದರು. ಮುಂದೆ ಸರ್ಕಾರ ನಡೆಸಬೇಕಾಗಿದ್ದವರೂ ಅವರೇ! ಅಲ್ಲಿವರೆಗೆ ಆಡಳಿತ ನಡೆಸುತ್ತಿದ್ದ ವಿಶ್ವಸಂಸ್ಥೆ ಅದೇ ವರ್ಷ ಮೇ 20ಕ್ಕೆ ಅಧಿಕಾರ ಒಪ್ಪಿಸಿದ ಮೇಲೆ ಈ ಸಂಸಾರ ಹೇಗೆ ಸಾಗುತ್ತೋ ಅನ್ನಿಸಿತ್ತು.

ಆದರೂ ಮತದಾನ ಶಾಂತವಾಗಿ ನಡೆಯಿತು. ಅದು ಸಣ್ಣ ಮಾತಲ್ಲ. 1999ರಲ್ಲಿ ಸ್ವಾತಂತ್ರ್ಯ ಬೇಕು ಅಂತ ಮತ ಹಾಕಿದ್ದಕ್ಕೆ ಇಂಡೋನೇಷ್ಯಾ ಪರ ಗುಂಪುಗಳು ಜನರನ್ನು ಕೊಂದವು, ದಿಲಿಯನ್ನು ಸುಟ್ಟವು. ಚಾವಣಿ ಇಲ್ಲದ ಕಪ್ಪು ಗೋಡೆಗಳು ಆಗಲೂ ಹಾಗೇ ನಿಂತಿದ್ದವು.

ಅಂಥದ್ದೇ ಒಂದು ಗೋಡೆಗೆ ತಗಡು ಹೊದಿಸಿ ಅಂಗಡಿ ಇಟ್ಟಿದ್ದ ನೆರೆಯಾಕೆಯನ್ನು ಕೇಳಿದೆ. ತನ್ನ ಓಟು ಶನಾನಾಗೆ ಅಂದಳು, ಮುಚ್ಚುಮರೆ ಇಲ್ಲದೆ. ಪಾಪ, ಅಜ್ಜನಿಗೆ ಯಾರೂ ಇಲ್ಲವಾ ಅಂದೆ. ಒಳಗೆ ಕೂತಿದ್ದ ಅತ್ತೆಯ ಕಡೆ ಕೈ ತೋರಿಸಿದಳು. ಅತ್ತೆ ಒಳಗಿನಿಂದಲೇ ಏನೋ ಜೋರಾಗಿ ಅಂದರು, ಸೊಸೆ ನಕ್ಕಳು. ನನಗೆ ಮಾತ್ರ ಏನು ಅಂತ ಹೇಳಲಿಲ್ಲ.