ಕಿರಿದನ್ನು ಹೇಳುವ ಬಗೆ

ಅಂಗಿ ಚಿಕ್ಕದಾಯಿತು ಅಂದರೆ ತೊಟ್ಟವನಿಗೆ ಸಾಲುತ್ತಿಲ್ಲ. ಹುಡುಗ ಸಣ್ಣಗಾದ ಅಂದರೆ ಮೈ ಇಳಿದಿದೆ. ‘ಹುಡುಗ ಚಿಕ್ಕದಾದ’ ಅನ್ನುವವರು ಯಾರೂ ಇಲ್ಲ. ಚಿಕ್ಕ ಎಂಬುದು ಅಳತೆ, ವಯಸ್ಸು, ನಂಟಿನ ವರಸೆಗೆ ಒಗ್ಗುವ ಮಾತು: ಚಿಕ್ಕಪ್ಪ, ಚಿಕ್ಕಂದು. ಸಣ್ಣಕ್ಕೆ ಇವುಗಳ ಜೊತೆಗೆ ತೆಳುವು, ನುಣುಪು ಎಂಬ ಅರ್ಥವೂ ಉಂಟು: ಸಣ್ಣ ದಾರ, ಸಣ್ಣ ದನಿ, ಸಣ್ಣಗೆ ಹೆಚ್ಚು. ಚಿಕ್ಕತನ ಬಾಲ್ಯ, ಸಣ್ಣತನ ಕೀಳು ಬುದ್ಧಿ. ಪುಟ್ಟ ಅಂದಾಗ ಅಳತೆಗಿಂತ ಅಕ್ಕರೆಯೇ ಮುಂದು.

ಯಾವ ಪದದ ಬೆನ್ನಿಗೂ ಅಂಟಿಸಿ ಕಿರಿದಾಗಿಸುವಂಥ ಒಂದೇ ಪ್ರತ್ಯಯ ಕನ್ನಡದಲ್ಲಿಲ್ಲ. ಆ ಭಾರವನ್ನು ಹೆಚ್ಚಾಗಿ ಹೊರುವುದು ಪದದ ಮುಂದೆ ಬರುವ ‘ಕಿರು’. ಇದರ ಜೋಡಿ ‘ಹಿರಿ’ಯನ್ನು ನೋಡಿ: ಹೆಬ್ಬೆರಳು, ಹೆದ್ದಾರಿ, ಹೆಮ್ಮರ. ಪಕ್ಕದ ಅಕ್ಷರ ಬದಲಾದಂತೆ ಅದರ ರೂಪವೂ ಬದಲಾಗುತ್ತದೆ. ಇಂದಿನ ಕನ್ನಡದಲ್ಲಿ ಕಿರು ಮಾತ್ರ ಅಲುಗುವುದಿಲ್ಲ: ಕಿರುಬೆರಳು, ಕಿರುದಾರಿ, ಕಿರುನಗೆ. ಹೊಸ ಪದ ಕಟ್ಟುವವರಿಗೆ ಇದೇ ಅನುಕೂಲ.

ತೊಡಕಾಗುವುದು ಮುಂದಿನ ಪದ ಕ, ತ, ಪಗಳಿಂದ ಶುರುವಾದಾಗ. ಕ, ತ, ಪಗಳನ್ನು ಗ, ದ, ಬ ಆಗಿಸುವ ಆದೇಶಸಂಧಿಯಂತೆ ಕಿರು, ಕತೆ ಸೇರಿದರೆ ಕಿರುಗತೆ. ಅದೇ ಲೆಕ್ಕದಲ್ಲಿ ಕಿರುತೆರೆ ‘ಕಿರುದೆರೆ’ ಆಗಬೇಕಿತ್ತು, ಆಗಿಲ್ಲ. ಬಳಕೆಯಲ್ಲಿ ನೆಲೆಸಿದ್ದನ್ನು ಸೂತ್ರ ಹಿಡಿದು ತಿದ್ದಬಾರದು. ಹೊಸದನ್ನು ಕಟ್ಟುವಾಗ ಎರಡೂ ರೂಪವನ್ನು ಜೋರಾಗಿ ಹೇಳಿ ನೋಡಿ. ಕೇಳಿದೊಡನೆ ಮೂಲಪದ ಗುರುತು ಸಿಗುವುದನ್ನೇ ಇಟ್ಟುಕೊಳ್ಳಿ.

ಸಂಸ್ಕೃತದಿಂದ ಬಂದ ಪುಸ್ತಿಕೆಗೆ ಕನ್ನಡದಲ್ಲಿ ಚಿಕ್ಕ ಪುಸ್ತಕವೆಂದೇ ಅರ್ಥ. ಹಾಗಿದ್ದೂ ‘ಕಿರುಪುಸ್ತಿಕೆ’ ಎಂದು ಮತ್ತೊಮ್ಮೆ ಕುಗ್ಗಿಸುತ್ತಾರೆ. ಪುಸ್ತಿಕೆ ಸಾಕು, ಇಲ್ಲವೇ ಕಿರುಹೊತ್ತಿಗೆ ಎನ್ನಿ. ಹೆದರಿಕೆ, ಓದುವಿಕೆಗಳ ‘ಇಕೆ’ ಬೇರೆಯದೇ. ಅದರಲ್ಲಿ ಕಿರಿತನದ ಸುಳಿವಿಲ್ಲ.

ಜೀವಿಗಳಿಗೆ ಬೇರೆ ಪದಗಳಿವೆ. ನಾಯಿ, ಕುರಿ, ಆನೆಗೆ ಮರಿ; ಹಸು, ಎಮ್ಮೆಗೆ ಕರು; ಗಿಡಕ್ಕೆ ಸಸಿ. ಮರಿಮಗ ಅಂದರೆ ಪುಟ್ಟ ಮಗನಲ್ಲ, ಮೊಮ್ಮಗನ ಮುಂದಿನ ತಲೆಮಾರು.

ಪದವನ್ನು ಇಮ್ಮಡಿಸಿದರೆ ವಸ್ತು ಇನ್ನೂ ಕಿರಿದಾಗುತ್ತದೆ ಎಂದುಕೊಳ್ಳುವುದು ತಪ್ಪು. ‘ಸಣ್ಣ ಕಲ್ಲು’ ಒಂದಿರಬಹುದು. ‘ಸಣ್ಣ ಸಣ್ಣ ಕಲ್ಲು’ ಅಂದಾಗ ಹಲವು. ಕಲ್ಲಿನ ಗಾತ್ರ ಅಷ್ಟೇ ಇರುತ್ತದೆ.

ಇನ್ನು ಪ್ರಮಾಣ. ಎಳ್ಳಷ್ಟೂ ಎಂಬುದಕ್ಕೆ ‘ಇಲ್ಲ’ದ ಜೊತೆ ಬೇಕೇ ಬೇಕು: ಎಳ್ಳಷ್ಟೂ ಸಂಶಯವಿಲ್ಲ. ಚೂರು, ತುಸು, ಕೊಂಚಕ್ಕೆ ಆ ಕಟ್ಟಿಲ್ಲ. ‘ಸ್ವಲ್ಪ ಇಲ್ಲಿ ಬನ್ನಿ’ ಅಂದಾಗಲಂತೂ ಸ್ವಲ್ಪವೆನ್ನುವುದು ಅಳತೆಯೇ ಅಲ್ಲ. ಬರುವವರು ಪೂರ್ತಿಯಾಗಿಯೇ ಬರಬೇಕು, ಕರೆದ ದನಿ ಮಾತ್ರ ಮೆತ್ತಗಾಗಿದೆ.