ಕೆಂಚನನ್ನು ಒಬ್ಬನೇ ಬಿಟ್ಟು ಹೋದ ಎರಡು ದಿನ

ನಾಳಿದ್ದು ಶುಕ್ರವಾರ ಸಂಜೆ ಸಕಲೇಶಪುರಕ್ಕೆ ಹೊರಟಿದ್ದೇನೆ. ಅಮ್ಮ ಇರುವುದು ಅಲ್ಲಿ, ತೋಟದ ಮನೆಯಲ್ಲಿ. ಭಾನುವಾರ ರಾತ್ರಿ ವಾಪಸ್. ನನ್ನ ಬಟ್ಟೆ ಇನ್ನೂ ಬ್ಯಾಗಿಗೆ ಹಾಕಿಲ್ಲ, ಆದರೆ ನನ್ನ ಬೆಕ್ಕು ಕೆಂಚನನ್ನು ನೋಡಿಕೊಳ್ಳುವವರಿಗೆ ಚೀಟಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ ಆಯಿತು. ನಮ್ಮ ಶಾಲೆಯ ಮೇಷ್ಟ್ರೊಬ್ಬರ ಮನೆಗೆ ಹೊಸದಾಗಿ ಬೆಕ್ಕಿನ ಮರಿ ಬಂದಿದೆ, ಅವರಿಗೆ ಉಪಯೋಗ ಆಗಲಿ ಅಂತ ಚೀಟಿಯ ಫೋಟೋ ತೋರಿಸಿದೆ. "ಎರಡು ದಿನಕ್ಕೆ ಇಷ್ಟೆಲ್ಲ ಬೇಕಾ ಮೇಡಂ? ಬೆಕ್ಕು ತಾನೇ, ಇರುತ್ತೆ ಬಿಡಿ" ಅಂದರು. ಬೇಕು. ಯಾಕೆ ಅಂತ ಸ್ಟಾಫ್ ರೂಮಿನ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಹಾಸನದಲ್ಲಿ, ಮೊದಲನೇ ಮಹಡಿಯ ಬಾಡಿಗೆ ಮನೆ. ಕೆಳಗೆ ಓನರ್ ಮನೆಯವರು. ಬೆಕ್ಕು ತನ್ನ ಮರಿಗಳಿಗೆ ಏಳು ಮನೆ ತೋರಿಸುತ್ತದೆ ಅಂತಾರಲ್ಲ, ಆ ಏಳರಲ್ಲಿ ನಮ್ಮದು ಎಷ್ಟನೆಯದೋ ಗೊತ್ತಿಲ್ಲ, ಒಂದು ದಿನ ಮೆಟ್ಟಿಲ ಕೆಳಗೆ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಮೂರು ಮರಿ ತಂದಿಟ್ಟಿತ್ತು. ಎರಡನ್ನು ಕಚ್ಚಿಕೊಂಡು ಹೋಯಿತು. ಮೂರನೆಯದಕ್ಕೆ ಎರಡು ದಿನ ಕಾದೆವು, ತಾಯಿ ಬರಲಿಲ್ಲ. ಆ ಮೂರನೆಯವನೇ ಕೆಂಚ. ಕೆಂಪು ಮೈ, ಎದೆ ಮಾತ್ರ ಬಿಳಿ, ಈಗ ಐದು ಕಿಲೋ ತೂಗುತ್ತಾನೆ.

ಅಮ್ಮನಿಗೆ ನನ್ನ ಚಿಂತೆ ಮೊದಮೊದಲು ಅರ್ಥವೇ ಆಗುತ್ತಿರಲಿಲ್ಲ. "ನಮ್ಮನೆ ಬೆಕ್ಕಿಗೆ ಯಾರೇ ನೀರಿಡ್ತಾರೆ, ಅದು ಎಲ್ಲಾದ್ರೂ ತಿಂದ್ಕೊಂಡು ಬರುತ್ತೆ" ಅನ್ನುತ್ತಿದ್ದರು. ನಿಜ. ತೋಟದ ಮನೆಯ ಬೆಕ್ಕಿಗೆ ಬಾಗಿಲೇ ಇಲ್ಲ. ಅಟ್ಟ ಇದೆ, ಕೊಟ್ಟಿಗೆ ಇದೆ, ಇಲಿ ಇದೆ, ಹಳ್ಳದ ನೀರಿದೆ, ಮಣ್ಣಂತೂ ಬೇಕಾದಷ್ಟು. ಪೇಟೆಯ ಮನೆಯಲ್ಲಿ ಗ್ರಿಲ್ ಹಾಕಿ, ಕಿಟಕಿಗೆ ಮೆಶ್ ಹೊಡೆಸಿ ಸಾಕುವ ಬೆಕ್ಕಿನ ಪಾಡು ಬೇರೆ. ನಾವು ಬಟ್ಟಲಿಗೆ ಹಾಕಿದ್ದೇ ಅದಕ್ಕೆ ಊಟ, ನಾವು ಇಟ್ಟದ್ದೇ ನೀರು, ಒಂದಕ್ಕೆ ಎರಡಕ್ಕೆ ಹೋಗಲು ಇಟ್ಟ ಆ ಒಂದು ಮರಳಿನ ಟ್ರೇಯೇ ಅದಕ್ಕಿರುವ ನೆಲ. ಹೊರಗಿನಿಂದ ಬೀಗ ಹಾಕಿದ ಮೇಲೆ ಅದಕ್ಕೆ ಏನೇ ಆದರೂ ಇನ್ನೊಬ್ಬರನ್ನು ಕರೆಯುವ ದಾರಿ ಇಲ್ಲ.

ದಿನಾ ಕೆಲಸಕ್ಕೆ ಹೋಗುವುದರ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಬೆಳಿಗ್ಗೆ ಎಂಟಕ್ಕೆ ಹೊಳೆನರಸೀಪುರದ ಬಸ್ಸು ಹಿಡಿದರೆ ಸಂಜೆ ಆರಕ್ಕೆ ಮನೆ. ದೊಡ್ಡ ಬೆಕ್ಕು ದಿನಕ್ಕೆ ಹನ್ನೆರಡರಿಂದ ಹದಿನಾರು ಗಂಟೆ ನಿದ್ದೆ ಮಾಡುತ್ತದೆ, ಓಡಾಟವೆಲ್ಲ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಹಾಗಾಗಿ ನಾನಿಲ್ಲದ ಹೊತ್ತು ಹೆಚ್ಚುಕಮ್ಮಿ ಅವನ ನಿದ್ದೆಯ ಹೊತ್ತು. ಹೊರಡುವ ಮುಂಚೆ ಹತ್ತು ನಿಮಿಷ ಆಟ ಆಡಿಸಿ ಊಟ ಹಾಕಿದರೆ ಮೈ ನೆಕ್ಕಿಕೊಂಡು ಮಲಗಿಬಿಡುತ್ತಾನೆ. ಮರಿಗಳಿಗೆ ಇದು ಆಗುವುದಿಲ್ಲ. ನಾಲ್ಕು ತಿಂಗಳೊಳಗಿನ ಮರಿಯಾದರೆ ಮೂರ್ನಾಲ್ಕು ಗಂಟೆಗೊಮ್ಮೆ ಯಾರಾದರೂ ಬಂದು ನೋಡಬೇಕು.

ಇನ್ನು ಆ ಎರಡು ದಿನದ ಕತೆ.

2024ರ ಏಪ್ರಿಲ್ 26, ಹಾಸನ ಲೋಕಸಭೆಗೆ ಮತದಾನ. ನನಗೆ ಅರಕಲಗೂಡು ಕಡೆಯ ಒಂದು ಮತಗಟ್ಟೆಗೆ ಡ್ಯೂಟಿ ಬಿದ್ದಿತ್ತು. ಚುನಾವಣಾ ಡ್ಯೂಟಿ ಮಾಡಿದವರಿಗೆ ಗೊತ್ತು, ಹಿಂದಿನ ದಿನ ಬೆಳಿಗ್ಗೆಯೇ ಮಸ್ಟರಿಂಗ್‌ಗೆ ಹೋಗಬೇಕು, ಮೆಷಿನ್ನು ಪಡೆದು ಬಸ್ಸು ಹತ್ತಿ ಹಳ್ಳಿಯ ಶಾಲೆಗೆ ಹೋಗಿ ಅಲ್ಲೇ ಮಲಗಬೇಕು, ಮರುದಿನ ಏಳರಿಂದ ಆರರವರೆಗೆ ಮತದಾನ, ಆಮೇಲೆ ಸೀಲು, ಲೆಕ್ಕ, ಮೆಷಿನ್ನು ವಾಪಸ್ ಒಪ್ಪಿಸುವುದು. ನಡುವೆ ಮನೆಗೆ ಬರುವ ಮಾತೇ ಇಲ್ಲ. ಕೆಳಗಿನ ಮನೆ ಅಜ್ಜಿಗೆ ಬೀಗದ ಕೈ ಕೊಟ್ಟು, "ಅಜ್ಜಿ, ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ ಈ ಡಬ್ಬದಿಂದ ಹಾಕಿಬಿಡಿ, ಸಾಕು" ಅಂದೆ. ಅಜ್ಜಿ ಮಂಡಿ ನೋವಿನಲ್ಲೂ ಎರಡು ಹೊತ್ತೂ ಮೆಟ್ಟಿಲು ಹತ್ತಿ ಬಂದು ಹಾಕಿದ್ದಾರೆ. ನಾನು ಹೇಳಿದ್ದಷ್ಟನ್ನೂ ಮಾಡಿದ್ದಾರೆ. ನಾನು ಹೇಳಿದ್ದೇ ಅಷ್ಟು.

27ರ ಬೆಳಗಿನ ಜಾವ ಒಂದೂವರೆಗೆ ಬಾಗಿಲು ತೆಗೆದೆ. ಅವನು ಬಾಗಿಲಿಗೆ ಬರಲಿಲ್ಲ. ದೀಪ ಹಾಕಿ ನೋಡಿದರೆ ಬಟ್ಟಲಲ್ಲಿ ಊಟ ರಾಶಿ ಬಿದ್ದಿತ್ತು, ಒಂದರ ಮೇಲೆ ಒಂದು ಹಾಕಿದ್ದು ಹಾಗೇ ಇತ್ತು. ಕೆಂಚ ಬಚ್ಚಲಿನ ಮೂಲೆಯಲ್ಲಿ, ತಣ್ಣಗಿನ ನೆಲದ ಮೇಲೆ ಕುಕ್ಕರಿಸಿ ಕೂತಿದ್ದ. ನನ್ನನ್ನು ನೋಡಿ ಎದ್ದು ಟ್ರೇಗೆ ಹೋಗಿ ತಿಣುಕಿದ, ಏನೂ ಬರಲಿಲ್ಲ, ಇಳಿದ, ಮತ್ತೆ ಹತ್ತಿದ, ಮತ್ತೆ ತಿಣುಕಿದ. ಆಮೇಲೆ ಕೂಗಿದ. ಅವನು ಹಾಗೆ ಕೂಗಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಹೊಟ್ಟೆ ಕಟ್ಟಿರಬೇಕು ಅಂದುಕೊಂಡೆ. ಎತ್ತಿಕೊಂಡಾಗ ಕೆಳಹೊಟ್ಟೆಯಲ್ಲಿ ಕಿತ್ತಳೆ ಹಣ್ಣಿನಷ್ಟು ಗಟ್ಟಿ ಗುಂಡು ಕೈಗೆ ಸಿಕ್ಕಿತು. ಆಗ ಭಯವಾಯಿತು. ಆ ಹೊತ್ತಿನಲ್ಲಿ ಫೋನು ಎತ್ತುವ ಡಾಕ್ಟರು ಒಬ್ಬರೂ ಸಿಗಲಿಲ್ಲ. ಬೆಳಕು ಹರಿಯುವ ತನಕ ಅವನನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತೆ, ಎರಡು ಸಲ ವಾಂತಿ ಮಾಡಿದ.

ಮೂತ್ರ ಕಟ್ಟಿತ್ತು. ಗಂಡು ಬೆಕ್ಕಿನ ಮೂತ್ರನಾಳ ತುಂಬ ಸಣ್ಣದು. ಮರಳಿನಂಥ ಹರಳು, ಲೋಳೆ ಸೇರಿ ಬಿರಡೆ ಹಾಕಿದ ಹಾಗೆ ಆಗಿಬಿಡುತ್ತದೆ. ಮನೆಯೊಳಗೇ ಇರುವ, ಮೈ ಬಂದ, ಬರೀ ಒಣ ಆಹಾರ ತಿನ್ನುವ, ನೀರು ಕಮ್ಮಿ ಕುಡಿಯುವ ಗಂಡು ಬೆಕ್ಕುಗಳಲ್ಲಿ ಇದು ಜಾಸ್ತಿ. ಗಾಬರಿ, ಒಂಟಿತನ, ದಿನಚರಿ ತಪ್ಪುವುದು ಕೂಡ ಇದಕ್ಕೆ ದಾರಿ ಮಾಡಿಕೊಡುತ್ತವೆ. ಒಂದು ದಿನ ಪೂರ್ತಿ ಕಟ್ಟಿಕೊಂಡರೆ ಹೊರಗೆ ಹೋಗಬೇಕಾದ ವಿಷವೆಲ್ಲ ರಕ್ತದಲ್ಲೇ ಉಳಿಯುತ್ತದೆ, ಪೊಟ್ಯಾಶಿಯಂ ಏರಿ ಹೃದಯದ ಬಡಿತ ತಪ್ಪುತ್ತದೆ. ಎರಡು ಮೂರು ದಿನ ಯಾರೂ ನೋಡದಿದ್ದರೆ ಬೆಕ್ಕು ಉಳಿಯುವುದಿಲ್ಲ. ಮತಗಟ್ಟೆಯಿಂದ ನಾನು ಇನ್ನೊಂದು ದಿನ ತಡವಾಗಿ ಬಂದಿದ್ದರೆ ಅನ್ನುವುದನ್ನು ಈಗಲೂ ಯೋಚಿಸಲು ಆಗುವುದಿಲ್ಲ.

ಬೆಳಿಗ್ಗೆ ಡಾಕ್ಟರು ಮತ್ತು ಬರಿಸಿ, ಸಣ್ಣ ನಳಿಕೆ ಹಾಕಿ ಮೂತ್ರ ತೆಗೆದರು. ರಕ್ತ ಬೆರೆತು ಕೆಂಪಗಿತ್ತು. ಮೂರು ದಿನ ನಳಿಕೆ, ಡ್ರಿಪ್, ಕುತ್ತಿಗೆಗೆ ಆ ದೊಡ್ಡ ಕೊರಳಪಟ್ಟಿ. ನಾಲ್ಕನೇ ದಿನ ಮನೆಗೆ ಬಂದು ಟ್ರೇಯಲ್ಲಿ ಮರಳು ಒಂದು ದೊಡ್ಡ ಉಂಡೆ ಆಗುವಷ್ಟು ತಾನಾಗಿ ಮೂತ್ರ ಮಾಡಿದಾಗ ಅಜ್ಜಿ ಮತ್ತು ನಾನು ಇಬ್ಬರೂ ಅಲ್ಲೇ ನೆಲದ ಮೇಲೆ ಕೂತು ಅತ್ತೆವು. "ಅವತ್ತು ಮಂಚದ ಕೆಳಗೆ ಬಗ್ಗಿ ನೋಡ್ಬೇಕಿತ್ತು ಕಣಮ್ಮ, ಮಲಗಿದ್ದಾನೆ ಅಂದ್ಕೊಂಡು ಬಂದ್ಬಿಟ್ಟೆ" ಅಂತ ಅಜ್ಜಿ ಎಷ್ಟು ಸಲ ಹೇಳಿದರೋ. ಅವರದೇನೂ ತಪ್ಪಿಲ್ಲ. ನಾನು ಅವರಿಗೆ ಊಟ ಹಾಕಲು ಹೇಳಿದ್ದೆ, ಕೆಂಚನನ್ನು ನೋಡಿ ಅಂತ ಹೇಳಿರಲಿಲ್ಲ.

ಆ ಮೇಷ್ಟ್ರಿಗೆ ನಾನು ಹೇಳಬೇಕೆಂದಿದ್ದು ಇದನ್ನೇ. ಬಟ್ಟಲು ತುಂಬಿಸುವುದು ಸುಲಭ, ಅದಕ್ಕೆ ಈಗ ಮೆಷಿನ್ನೂ ಬಂದಿದೆ. ಬೆಕ್ಕು ತನ್ನ ನೋವನ್ನು ತೋರಿಸಿಕೊಳ್ಳುವ ಪ್ರಾಣಿ ಅಲ್ಲ, ಹುಷಾರಿಲ್ಲದಾಗ ಮೂಲೆ ಸೇರುತ್ತದೆ, ಅಷ್ಟೇ. ಹಾಗಾಗಿ ದಿನಕ್ಕೆ ಒಂದು ಸಲವಾದರೂ, ಸಾಧ್ಯವಾದರೆ ಎರಡು ಸಲ, ಒಬ್ಬ ಮನುಷ್ಯ ಬಂದು ಅದರ ಮುಖ ನೋಡಬೇಕು, ಟ್ರೇ ನೋಡಬೇಕು, ಎಷ್ಟು ತಿಂದಿದೆ ನೋಡಬೇಕು. ಒಂದು ರಾತ್ರಿಯ ಮಟ್ಟಿಗೆ ಗಟ್ಟಿಮುಟ್ಟಾದ ದೊಡ್ಡ ಬೆಕ್ಕು ಒಂಟಿಯಾಗಿ ಇದ್ದೀತು. ಇಪ್ಪತ್ತನಾಲ್ಕು ಗಂಟೆ ದಾಟುತ್ತದೆ ಅಂದರೆ ಯಾರಿಗಾದರೂ ಬೀಗದ ಕೈ ಕೊಡದೆ ನಾನು ಹೊರಡುವುದಿಲ್ಲ.

ಜೊತೆಗೇ ಕರೆದುಕೊಂಡು ಹೋಗಬಹುದಲ್ಲ ಅಂತ ಕೇಳುತ್ತಾರೆ. ಒಂದು ಸಲ ಕರೆದುಕೊಂಡು ಹೋದೆ. ಸಕಲೇಶಪುರದವರೆಗೂ ಬುಟ್ಟಿಯಲ್ಲಿ ಕೂಗಿಕೊಂಡೇ ಬಂದ, ಅಮ್ಮನ ಮನೆಯಲ್ಲಿ ಬಿಟ್ಟ ತಕ್ಷಣ ಅಟ್ಟ ಹತ್ತಿದವನು ಒಂದೂವರೆ ದಿನ ಇಳಿಯಲಿಲ್ಲ, ಒಂದು ತುತ್ತು ತಿನ್ನಲಿಲ್ಲ. ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಮೈಯಲ್ಲಿನ ಕೊಬ್ಬು ಹೋಗಿ ಲಿವರ್‌ನಲ್ಲಿ ತುಂಬಿಕೊಳ್ಳುತ್ತದೆ, ದಪ್ಪ ಬೆಕ್ಕಾದರೆ ಇನ್ನೂ ಬೇಗ. ನಾಯಿಗೆ ಮನೆಯವರಿದ್ದರೆ ಯಾವ ಊರಾದರೂ ಆಯಿತು. ಬೆಕ್ಕಿಗೆ ಅದರದೇ ಮನೆ, ಅದರದೇ ವಾಸನೆ, ಅದರದೇ ಕಿಟಕಿ ಬೇಕು. ನನ್ನ ಮಟ್ಟಿಗೆ ಅವನು ಹಾಸನದಲ್ಲೇ ಇರುವುದು ವಾಸಿ.

ಚೀಟಿಯಲ್ಲಿ ಮೊದಲ ಸಾಲೇ ಉಂಡೆಗಳದು. ಗಟ್ಟಿ ಕಟ್ಟುವ ಮರಳು ತಂದರೆ ಮೂತ್ರ ಬಿದ್ದಲ್ಲಿ ಉಂಡೆ ಆಗುತ್ತದೆ, ದಿನಕ್ಕೆ ಎರಡರಿಂದ ನಾಲ್ಕು ಇರಬೇಕು. ಒಂದೂ ಇಲ್ಲ ಅಂದರೆ, ಅಥವಾ ಕಡಲೆಕಾಳಿನಂಥ ಚೂರುಚೂರು ಉಂಡೆ ಹತ್ತಿದ್ದರೆ, ಅಥವಾ ಟ್ರೇಗೆ ಮತ್ತೆ ಮತ್ತೆ ಹೋಗಿ ಬರುತ್ತಿದ್ದರೆ, ನನಗೆ ಫೋನು ಮಾಡಬೇಕು, ನಾನು ಸಿಗದಿದ್ದರೆ ಸೀದಾ ಡಾಕ್ಟರಿಗೆ. ಅವರ ನಂಬರು, ಆಟೋದವರ ನಂಬರು, ಬುಟ್ಟಿ ಎಲ್ಲಿದೆ ಅನ್ನುವುದು ಎಲ್ಲ ಅಲ್ಲೇ ಬರೆದಿದೆ. ಕೆಳಗೆ ಕೆಂಪು ಪೆನ್ನಿನಲ್ಲಿ, ನಮ್ಮ ಮಾತ್ರೆ ಯಾವುದೂ ಕೊಡಬಾರದು, ಅದರಲ್ಲೂ ಪ್ಯಾರಾಸಿಟಮಾಲ್. ಮನುಷ್ಯರ ಒಂದೇ ಒಂದು ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಹುದು.

ನೀರಿಗೆ ಈಗ ಮೂರು ಕಡೆ ಅಗಲವಾದ ಬೋಗುಣಿ ಇಡುತ್ತೇನೆ, ಊಟದ ಬಟ್ಟಲಿನಿಂದ ದೂರ. ಒಣ ಆಹಾರದಲ್ಲಿ ನೀರಿನ ಅಂಶ ನೂರಕ್ಕೆ ಹತ್ತರ ಹತ್ತಿರ, ಪೌಚಿನಲ್ಲಿ ಬರುವ ಹಸಿ ಆಹಾರದಲ್ಲಿ ಎಪ್ಪತ್ತೈದಕ್ಕೂ ಮೇಲೆ. ಹಾಗಾಗಿ ಅಜ್ಜಿ ಬರುವ ಹೊತ್ತಿಗೆ ಪೌಚು, ಜೊತೆಗೆ ಎರಡು ಚಮಚ ನೀರು. ಹಾಲು ಬೇಡ, ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅದು ಅರಗುವುದಿಲ್ಲ, ನಾನಿಲ್ಲದಾಗ ಭೇದಿ ಶುರುವಾದರೆ ಇನ್ನೂ ಕಷ್ಟ.

ಮನೆಯಲ್ಲಿ ತೆಗೆದಿಡಬೇಕಾದದ್ದು ದಾರ. ಹೂ ಕಟ್ಟುವ ದಾರ, ಹೊಲಿಗೆ ದಾರ, ಸ್ವೀಟ್ ಬಾಕ್ಸಿನ ದಾರ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಒಳಮುಖವಾಗಿರುತ್ತವೆ, ಬಾಯಿಗೆ ಹೋದ ದಾರ ಉಗುಳಲು ಆಗುವುದಿಲ್ಲ, ನುಂಗಿದರೆ ಕರುಳು ನೆರಿಗೆ ಹಿಡಿದ ಹಾಗೆ ಮುದುರಿಕೊಳ್ಳುತ್ತದೆ. ಹೂದಾನಿಯಲ್ಲಿ ಲಿಲಿ ಇದ್ದರೆ ಆಚೆ, ಅದರ ಪರಾಗ ಮೈಗೆ ಬಿದ್ದು ನೆಕ್ಕಿಕೊಂಡರೂ ಕಿಡ್ನಿ ಹೋಗುತ್ತದೆ. ನುಸಿಗುಳಿಗೆಯೂ ಆಚೆ. ಗ್ಯಾಸಿನ ರೆಗ್ಯುಲೇಟರ್ ಆಫ್, ಬಚ್ಚಲಿನ ಬಕೆಟ್ ಬೋರಲು. ಮತ್ತೆ ಬೀಗ ಹಾಕುವ ಮುಂಚೆ ಅವನನ್ನು ಕಣ್ಣಾರೆ ನೋಡಬೇಕು. ಒಂದು ಸಲ ಅಲ್ಮೇರಾದೊಳಗೆ ಮಡಿಸಿದ ಸೀರೆಗಳ ಮೇಲೆ ಮಲಗಿದ್ದ, ನಾನು ಬಾಗಿಲು ತಳ್ಳಿ ಶಾಲೆಗೆ ಹೋದೆ. ಹತ್ತು ಗಂಟೆ ಅವನು ಆ ಕತ್ತಲಲ್ಲಿದ್ದ.

ಕ್ಯಾಮೆರಾ ಹಾಕಿಸಿದ್ದೇನೆ. ಒಳ್ಳೆಯದೇ. ಆದರೆ ಜುಲೈ ಮಳೆಯಲ್ಲಿ ಅಮ್ಮನ ಮನೆಯಲ್ಲಿ ನನಗೆ ನೆಟ್ ಇರುವುದಿಲ್ಲ, ಇಲ್ಲಿ ಕರೆಂಟು ಹೋದರೆ ಕ್ಯಾಮೆರಾವೇ ಇಲ್ಲ. ಮಂಚದ ಕೆಳಗೆ ಅದಕ್ಕೆ ಕಾಣುವುದೂ ಇಲ್ಲ.

ದೀಪಾವಳಿಯ ವಾರ ಮಾತ್ರ ನಾನು ಎಲ್ಲಿಗೂ ಹೋಗುವುದಿಲ್ಲ. ವರ್ಷಕ್ಕೊಮ್ಮೆ ಕೆಲವೇ ದಿನ ತೆರೆಯುವ ಹಾಸನಾಂಬೆ ಗುಡಿಯ ಬಾಗಿಲು ತೆರೆದಿರುವುದು ಆಗಲೇ, ಊರಿಗೆ ಊರೇ ನೆಂಟರಿಂದ ತುಂಬಿರುತ್ತದೆ, ನಮ್ಮ ಮನೆಗೂ ದರ್ಶನಕ್ಕೆ ಬಂದವರು ಇರುತ್ತಾರೆ, ಮುಂಬಾಗಿಲು ದಿನವಿಡೀ ತೆರೆದೇ ಇರುತ್ತದೆ. ಮೇಲೆ ಪಟಾಕಿ. ಒಳಕೋಣೆಯಲ್ಲಿ ಟ್ರೇ, ನೀರು, ಹಳೇ ಕಂಬಳಿ ಇಟ್ಟು, ಕಿಟಕಿ ಮುಚ್ಚಿ, ಫ್ಯಾನು ಜೋರಾಗಿ ಹಾಕಿ ಅವನ ಜೊತೆ ನಾನೂ ಅಲ್ಲೇ ಮಲಗುತ್ತೇನೆ. ಸದ್ದಿಗೆ ಬೆದರಿ ಓಡಿದ ಬೆಕ್ಕು ಎಷ್ಟೋ ಸಲ ವಾಪಸ್ ಬರುವುದಿಲ್ಲ.

ಈಗ ನಾನು ಊರಿಗೆ ಹೋದಾಗ ಬೆಳಿಗ್ಗೆ ಅಜ್ಜಿಯ ಮೊಮ್ಮಗಳು ಬರುತ್ತಾಳೆ, ಕಾಲೇಜಿಗೆ ಹೋಗುವ ಮುಂಚೆ. ಸಂಜೆ ಅಜ್ಜಿಯೇ ಬರುತ್ತಾರೆ, ಬೇಡ ಅಂದರೂ. ಹೂವು ಕಟ್ಟುತ್ತಾ ಕೂರುವುದು ಅವರ ಅಭ್ಯಾಸ, ಮೇಲೆ ಬರುವಾಗ ಆ ದಾರ ಕೆಳಗೇ ಇಟ್ಟು ಬರುತ್ತಾರೆ. ಅರ್ಧ ಗಂಟೆ ಕೂತು ಅವನ ಹತ್ತಿರ ಅದೂ ಇದೂ ಮಾತಾಡಿ ಹೋಗುತ್ತಾರೆ. ಹೋದ ಸಲ ಸಕಲೇಶಪುರದಲ್ಲಿ ಜಡಿಮಳೆ, ಅಂಗಳದ ಮೂಲೆಯಲ್ಲಿ ಮಾತ್ರ ಒಂದು ಕಡ್ಡಿ ಸಿಗ್ನಲ್ಲು. ಏಳು ಗಂಟೆಗೆ ಕೊಡೆ ಹಿಡಿದು ಅಲ್ಲಿ ನಿಂತೆ. ಸರಿಯಾಗಿ ಏಳಕ್ಕೆ ಅಜ್ಜಿಯ ಫೋನು ಬಂತು.

"ಬೆಳಿಗ್ಗೆ ಎರಡು, ಈಗ ಒಂದು ಕಣಮ್ಮ. ದೊಡ್ಡದೇ ಇದೆ. ಊಟ ಪೂರ್ತಿ ಖಾಲಿ. ಇಲ್ಲೇ ನನ್ನ ಕಾಲ ಮೇಲೆ ತಲೆ ಇಟ್ಕೊಂಡಿದ್ದಾನೆ, ತಾಳು, ಫೋನು ಅವನ ಕಿವಿ ಹತ್ರ ಹಿಡೀತೀನಿ, ಒಂದ್ಸಲ ಕೂಗು."

ನಾನು ಆ ಮಳೆಯ ಸದ್ದನ್ನು ಮೀರಿ ಕೂಗಿದೆ.